ಬಿಸ್ಕತ್ತಿಗೂ ಗ್ಲೌಸು

ಒಕ್ಕಣ್ಣಿಗೆ ಎರಡು ಕಣ್ಣೂ ಚೆನ್ನಾಗಿಯೇ ಇದ್ದವು. ಫೋನಿನಲ್ಲಿ ಚಿತ್ರ ಹಿಡಿಯುವಾಗ ಎಡಗಣ್ಣು ಮುಚ್ಚುವುದು ಅವಳ ಅಭ್ಯಾಸ. ಫೋನಿಗೆ ಅದರ ಅಗತ್ಯವಿಲ್ಲ ಎಂದು ಎಷ್ಟು ಜನ ಹೇಳಿದರೂ ಆ ಕಣ್ಣು ಕೇಳಬೇಕಲ್ಲ. ಅಷ್ಟಕ್ಕೇ ದೊಡ್ಡಮ್ಮ ಈ ಹೆಸರಿಟ್ಟಳು. ಒಗೆಯುವ ಕೋಣೆಯ ಹೆಂಗಸರೆಲ್ಲ ಸೇರಿ ಅದನ್ನು ಗಟ್ಟಿ ಮಾಡಿದರು.

ಆ ಕೋಣೆ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿತ್ತು. ಮೇಲಿನ ಮಹಡಿಗಳ ಹಾಸು, ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಗಾಡಿಗಟ್ಟಲೆ ಅಲ್ಲಿಗೆ ಇಳಿದು ಬರುತ್ತಿತ್ತು. ರಕ್ತ, ಕೀವು, ವಾಂತಿ, ಮಲ, ಮೂತ್ರ. ಓದುವವರು ಮೂಗು ಮುರಿಯಬಹುದು, ತೊಳೆಯುವವರಿಗೆ ಆ ಸೌಕರ್ಯವಿಲ್ಲ. ಬರಿಗೈಯಲ್ಲಿ ವಿಂಗಡಿಸಬೇಕು. ಮಡಿಕೆಯೊಳಗೆ ಸೂಜಿ ಉಳಿದಿದ್ದರೆ ಅದು ಚುಚ್ಚಿದ ಮೇಲೆಯೇ ಗೊತ್ತಾಗುವುದು. ಬ್ಲೀಚಿಂಗ್ ನೀರು ಬೆರಳ ಸಂದಿಯ ಚರ್ಮ ತಿನ್ನುತ್ತಿತ್ತು. ನೆನೆದ ಹಾಸುಗಳನ್ನು ಎತ್ತಿ ಎತ್ತಿ ದೊಡ್ಡಮ್ಮನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಇಷ್ಟಾದರೂ ಮುಂಬಾಗಿಲ ಲಿಫ್ಟನ್ನು ಅವರು ಹತ್ತುವಂತಿಲ್ಲ ಎಂದು ಬೋರ್ಡು ಹಾಕಿದ್ದರು. ಅವರಿಂದ ರೋಗಿಗಳಿಗೆ ಸೋಂಕು ತಗಲುತ್ತದಂತೆ. ರೋಗಿಗಳಿಂದ ಅವರಿಗೆ ಏನು ತಗಲುತ್ತದೆ ಎಂದು ಯಾರೂ ಬೋರ್ಡು ಬರೆಸಿರಲಿಲ್ಲ.

ಯಂತ್ರಗಳ ಸದ್ದಿನಲ್ಲಿ ಪಕ್ಕದವಳು ಕಿರುಚಿದರೂ ಕೇಳಿಸದು. ಹಾಗಾಗಿ ಹೆಂಗಸರು ದನಿ ಬಿಟ್ಟು ತುಟಿಯಲ್ಲೇ ಮಾತಾಡುವುದನ್ನು ಕಲಿತಿದ್ದರು. ಹಬೆಯ ನಡುವೆ, ಕೋಣೆಯ ಈ ತುದಿಯಿಂದ ಆ ತುದಿಗೆ, ಮನೆಯ ಸುದ್ದಿ, ಗಂಡನ ಸುದ್ದಿ, ಬೀದಿಯ ಸುದ್ದಿ ಎಲ್ಲ ಸದ್ದಿಲ್ಲದೆ ಓಡಾಡುತ್ತಿತ್ತು. ಹೊಸದಾಗಿ ಸೇರಿದವಳು ಕೆಲವು ದಿನ ಬೆಪ್ಪಾಗಿ ನಿಂತಿರುತ್ತಾಳೆ, ಆಮೇಲೆ ಅವಳ ತುಟಿಗೂ ಬಿಡುವಿರುವುದಿಲ್ಲ. ಈ ವಿದ್ಯೆ ಬಾರದವನೆಂದರೆ ಅಲ್ಲಿ ಸೂಪರ್‌ವೈಸರ್ ಒಬ್ಬನೇ. ಮಾತಿಗೊಮ್ಮೆ ಕೈಗಡಿಯಾರ ನೋಡುತ್ತಿದ್ದುದರಿಂದ ಅವನಿಗೆ ಗಡಿಯಾರ ಎಂದೇ ಹೆಸರು. ಹೆಂಗಸರ ತುಟಿ ಅಲ್ಲಾಡುವುದನ್ನು ಕಂಡು, ಪಾಪ, ಇವರೆಲ್ಲ ದೇವರ ಸ್ಮರಣೆ ಮಾಡುತ್ತಾರೆ ಎಂದು ಅವನು ನಂಬಿದ್ದ. ಅವರು ಮಾಡುತ್ತಿದ್ದುದು ಅವನದೇ ಸ್ಮರಣೆ.

ಗ್ಲೌಸು ಕೇಳಿದಾಗಲೆಲ್ಲ ಗಡಿಯಾರನ ಉತ್ತರ ಒಂದೇ, ಸ್ಟಾಕ್ ಇಲ್ಲ. ಆದರೆ ಅವನ ಬೀರುವಿನೊಳಗೆ ಒಂದು ಡಬ್ಬಿ ತುಂಬ ಗ್ಲೌಸು ಇತ್ತು. ಸಂಜೆ ಚಹಾ ಬಂದಾಗ ಬೀಗ ತೆಗೆದು, ಎರಡೂ ಕೈಗೆ ಗ್ಲೌಸು ಏರಿಸಿ, ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿನ್ನುತ್ತಿದ್ದ. ಆ ಕೋಣೆಯ ವಾಸನೆ ಅವನ ಬೆರಳಿಗೆ ಅಂಟಬಾರದಲ್ಲ. ಬಿಸ್ಕತ್ತು ಮುರಿದು ಲೋಟದ ತಳ ಸೇರಿದರೆ ಗ್ಲೌಸಿನ ಬೆರಳನ್ನೇ ಇಳಿಸಿ, ಹೊಟ್ಟೆಯೊಳಗಿನ ಗೆಡ್ಡೆ ಹುಡುಕುವ ಡಾಕ್ಟರಷ್ಟು ಗಂಭೀರವಾಗಿ ತಡಕಾಡಿ ತೆಗೆಯುತ್ತಿದ್ದ. ಅದನ್ನು ನೋಡಿ ನಗು ತಡೆದುಕೊಳ್ಳುವುದು ಹಾಸು ಹಿಂಡುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಒಕ್ಕಣ್ಣಿ ಬಿಡುವಾದಾಗಲೆಲ್ಲ ಇದನ್ನೇ ತನ್ನ ಹಳೆಯ ಫೋನಿನಲ್ಲಿ ಹಿಡಿಯುತ್ತಿದ್ದಳು. ಸಿನಿಮಾ ಮಾಡಬೇಕೆಂಬ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೋ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿದವಳು ತಾಯಿಯ ಅಕ್ಕನಾದ ಈ ದೊಡ್ಡಮ್ಮ. ಇಲ್ಲಿ ಕೆಲಸಕ್ಕೆ ಸೇರಿಸಿದವಳೂ ಅವಳೇ. ಚಿತ್ರ ಹಿಡಿಯಲು ಅವಳು ಒಪ್ಪಿದಳು. ಒಂದೇ ಒಂದು ಷರತ್ತು ಹಾಕಿದಳು.

"ನಮ್ಮನ್ನ ಅಳೋರ ಥರ ತೋರಿಸ್ಬೇಡ ಕಣೇ. ಅಳೋ ಮುಖ ಬೇಕಂದ್ರೆ ಮೇಲಿನ ವಾರ್ಡ್‌ಗಳಲ್ಲಿ ಬೇಕಾದಷ್ಟಿವೆ. ನಮ್ಮನ್ನ ನೋಡಿದೋರು ನಗ್ಬೇಕು. ನಮ್ಮ ಜತೆ ನಗ್ಬೇಕು."

ಒಕ್ಕಣ್ಣಿ ದೊಡ್ಡಮ್ಮನ ತಲೆ ಮುಟ್ಟಿ ಮಾತು ಕೊಟ್ಟಳು.

ಇಂಥ ಸಿನಿಮಾದವರಿಗೆ ನೆರವಾಗುವ ಸಂಸ್ಥೆಯೊಂದಿದೆ ಎಂದು ಹೇಳಿದ್ದು ಮೇಲಿನ ವಾರ್ಡಿನ ನರ್ಸಮ್ಮ. ಲಾಭಕ್ಕಾಗಿ ನಡೆಸುವ ಕಂಪನಿಯಲ್ಲ. ದಾನಿಗಳ ಬಲದಿಂದ ನಡೆಯುವುದು. ಹಿಂದೆ ಮುಂದೆ ಯಾರೂ ಇಲ್ಲದ ಹೊಸ ನಿರ್ದೇಶಕರನ್ನು ಹುಡುಕಿ ಬೆಳೆಸುವುದೇ ಅವರ ಕೆಲಸ. ಒಕ್ಕಣ್ಣಿ ಒಂದಿಷ್ಟು ತುಣುಕು ಕಳಿಸಿದಳು, ಅವರು ಕರೆದೇಬಿಟ್ಟರು. ಸಂಸ್ಥೆಯನ್ನು ಸುಮ್ಮನೆ ಬೈದರೆ ಬಾಯಿಗೆ ಹುಳ ಬಿದ್ದೀತು. ಅವರು ಅವಳಿಗೆ ಒಳ್ಳೆಯ ಕ್ಯಾಮೆರಾ ಕೊಟ್ಟರು. ರಜಾದಿನಗಳಲ್ಲಿ ಪಾಠ ಹೇಳಿದರು. ಎಡಿಟಿಂಗ್ ಕೋಣೆಯ ಬಾಗಿಲು ತೆರೆದರು. ಅಲ್ಲಿನ ಎಡಿಟಿಂಗ್ ಹುಡುಗಿ ಯಾವ ಬಿಗುಮಾನವೂ ಇಲ್ಲದೆ ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು ಎಂದು ತೋರಿಸಿಕೊಟ್ಟಳು. ಒಂದು ನಗುವಿನ ಬೆನ್ನಿಗೆ ಇನ್ನೊಂದು ನಗುವನ್ನು ಅಂಟಿಸಬಹುದು ಎಂದು ತಿಳಿದ ದಿನ ಒಕ್ಕಣ್ಣಿಗೆ ಊಟವೇ ಬೇಕಾಗಲಿಲ್ಲ. ಮುಂದಿನ ಸಿನಿಮಾಕ್ಕೂ ಕ್ಯಾಮೆರಾ ಅವಳ ಬಳಿಯೇ ಇರಲಿ ಎಂದು ಸಂಸ್ಥೆಯ ಮುಖ್ಯಸ್ಥೆ ಮೇಡಂ ಆಸೆ ಹುಟ್ಟಿಸಿದ್ದರು.

ತೊಂದರೆ ಶುರುವಾದದ್ದು ಮಾರ್ಗದರ್ಶಕ ಸಾಹೇಬರಿಂದ. ಪ್ರತಿ ಮಾತಿಗೆ ಮೊದಲು ಒಂದು, ಮಾತು ಮುಗಿದ ಮೇಲೆ ಒಂದು ನಿಟ್ಟುಸಿರು ಬಿಡುವುದು ಅವರ ಪದ್ಧತಿ. ಒಕ್ಕಣ್ಣಿ ಅವರ ವರ್ಣನೆ ಮಾಡಿದ ದಿನವೇ ಒಗೆಯುವ ಕೋಣೆಯಲ್ಲಿ ಅವರಿಗೆ ನಿಟ್ಟುಸಿರು ಎಂದು ಹೆಸರಾಯಿತು. ಅವರು ಸಿನಿಮಾ ನೋಡುತ್ತ ಒಂದು ಕಡೆ ನಿಲ್ಲಿಸಲು ಹೇಳಿದರು. ಪರದೆಯ ತುಂಬ ದೊಡ್ಡಮ್ಮನ ಮುಖ. ಬ್ಲೀಚಿಂಗ್ ಹಬೆಗೆ ಕಣ್ಣಲ್ಲಿ ನೀರು. ಯಂತ್ರದ ಭೋರ್ಗರೆತದಲ್ಲಿ ತುಟಿ ಮಾತ್ರ ಅಲ್ಲಾಡುತ್ತಿದೆ.

ಈಕೆ ಏನು ಹೇಳುತ್ತಿದ್ದಾಳೆ ಎಂದು ಅವರು ಕೇಳಿದರು. ಒಕ್ಕಣ್ಣಿ ಇದ್ದುದನ್ನು ಇದ್ದಹಾಗೆ ಹೇಳಿದಳು. ಗಡಿಯಾರ, ಗ್ಲೌಸು, ಬಿಸ್ಕತ್ತು, ಲೋಟದ ತಳದ ಆಪರೇಷನ್ನು. ಎಡಿಟಿಂಗ್ ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಟ್ಟುಸಿರು ನಗಲಿಲ್ಲ.

"ಅದು ಮೇಲ್ನೋಟದ ಮಾತಮ್ಮ. ಆಕೆಯ ಒಳಗಿನ ಮಾತೇನು?"

"ಒಳಗೂ ಅದೇ ಸರ್. ಒಳಗೆ ಇನ್ನೂ ಸ್ವಲ್ಪ ಕೆಟ್ಟ ಮಾತಿರುತ್ತೆ, ಅಷ್ಟೇ."

ನಿಟ್ಟುಸಿರು ಕಣ್ಣು ಮುಚ್ಚಿ ಕುಳಿತರು. ಬಹಳ ಹೊತ್ತಿನ ಮೇಲೆ ಆ ಮುಖದ ಕೆಳಗೆ ಬರಬೇಕಾದ ಸಾಲನ್ನು ತಾವೇ ಹೇಳಿ ಬರೆಸಿದರು. "ಜಗದ ನೆತ್ತರನ್ನೆಲ್ಲ ತೊಳೆದವು ನನ್ನ ಕೈಗಳು. ನನ್ನ ಬಾಳನ್ನು ತೊಳೆಯುವವರು ಯಾರು?" ಹೇಳಿ ಮುಗಿಸುವಷ್ಟರಲ್ಲಿ ಅವರ ಕಣ್ಣೇ ತೇವವಾಗಿತ್ತು. ಹಿನ್ನೆಲೆಗೆ ಪಿಟೀಲು ಇರಲಿ ಎಂದರು.

ದೊಡ್ಡಮ್ಮ ಸತ್ತರೂ ಹೀಗೆ ಮಾತಾಡುವವಳಲ್ಲ ಎಂದು ಒಕ್ಕಣ್ಣಿ ವಾದಿಸಿದಳು. ಆ ಸಾಲು ಹಾಕಿದರೂ ಬಿಸ್ಕತ್ತಿನ ಪ್ರಸಂಗ ಇರಲೇಬೇಕು, ಇಡೀ ಸಿನಿಮಾದ ಜೀವ ಅದು ಎಂದಳು. ಆಗ ಮೇಡಂ ಅವಳನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ತುಂಬ ಪ್ರೀತಿಯಿಂದ ಮಾತಾಡಿದರು. ಅದೇ ಆಸ್ಪತ್ರೆಯ ಟ್ರಸ್ಟಿಗಳು ಸಂಸ್ಥೆಯ ದೊಡ್ಡ ದಾನಿಗಳು. ಪ್ರದರ್ಶನದ ದಿನ ಮುಂದಿನ ಸಾಲಿನಲ್ಲಿ ಅವರೇ ಕೂರುವವರು. ಅವರ ಮುಖ ಕೆಟ್ಟರೆ ಇವಳ ಹಿಂದೆ ಬರಲಿರುವ ಎಷ್ಟೋ ಬಡ ಹುಡುಗ ಹುಡುಗಿಯರ ಸಿನಿಮಾ ನಿಂತುಹೋಗುತ್ತದೆ.

"ನೋವನ್ನ ತೋರಿಸೋಣ. ಆಸ್ಪತ್ರೆ ಹೆಸರು ಬೇಡ, ಯಾರ ಕಡೆಗೂ ಬೊಟ್ಟು ಮಾಡೋದು ಬೇಡ. ನೋವಿಗೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ಒಕ್ಕಣ್ಣಿಗೆ ಮೈಯೆಲ್ಲ ಉರಿಯಿತು. ಈ ಜನರಿಗೆ ದೊಡ್ಡಮ್ಮನ ಕಣ್ಣೀರು ಬೇಕು. ಕಣ್ಣೀರು ಯಾರ ಜೇಬಿಗೂ ಕೈ ಹಾಕುವುದಿಲ್ಲ. ದೊಡ್ಡಮ್ಮನ ನಗು ಬೇಡ, ಅದು ಗ್ಲೌಸು ಕೇಳುತ್ತದೆ. ಇಷ್ಟು ತಿಳಿದೂ ಅವಳು ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಯ ಮಾತು ಸಂಸ್ಥೆಯದೇ ಎಂದು ಮೊದಲೇ ಸಹಿ ಮಾಡಿಕೊಟ್ಟಿದ್ದಳು. ಕ್ಯಾಮೆರಾದ ಆಸೆ ಬೇರೆ. ಮನೆಗೆ ಬಂದು ದೊಡ್ಡಮ್ಮನ ಮುಖ ನೋಡಲಾರದೆ ತಲೆನೋವೆಂದು ಮುಸುಕೆಳೆದಳು.

ಪ್ರದರ್ಶನ ಭಾನುವಾರ ಸಂಜೆ. ಒಗೆಯುವ ಕೋಣೆಯವರೆಲ್ಲ ಯೂನಿಫಾರ್ಮಿನಲ್ಲೇ ಬಂದರೆ ತುಂಬ ಪರಿಣಾಮಕಾರಿ ಎಂದು ಸಂಸ್ಥೆಯವರು ಹೇಳಿ ಕಳಿಸಿದ್ದರು. "ಯೂನಿಫಾರ್ಮು ಒಗೆಯೋಕೆ ಹಾಕಿದೀವಿ ಅನ್ನು" ಎಂದು ದೊಡ್ಡಮ್ಮ ಉತ್ತರ ಕಳಿಸಿದಳು. ಪೆಟ್ಟಿಗೆಯ ತಳದಲ್ಲಿದ್ದ ಒಳ್ಳೆ ಬಟ್ಟೆ ಮೇಲೆ ಬಂತು. ಒಬ್ಬಳು ಮಗಳ ಕಿವಿಯೋಲೆ ಕಡ ತಂದಳು. ಬ್ಲೀಚಿಂಗ್ ತಿಂದ ಬೆರಳುಗಳಿಗೆ ಎಣ್ಣೆ ಸವರಿಕೊಂಡು, ಮದುವೆ ಮನೆಗೆ ಹೊರಟವರಂತೆ ಎಲ್ಲರೂ ಬಂದಿಳಿದರು. ಸ್ವಾಗತಕ್ಕೆ ನಿಂತಿದ್ದವರು ಇವರ ಹಿಂದೆ ಇನ್ನಾರೋ ಬರಬೇಕೆಂದು ಬಾಗಿಲ ಕಡೆ ನೋಡುತ್ತಲೇ ಇದ್ದರು. ಇವರೇ ಅವರು ಎಂದು ತಿಳಿದ ಮೇಲೆ ಕೊನೆಯ ಸಾಲು ತೋರಿಸಿದರು. ಒಕ್ಕಣ್ಣಿಗೆ ಮುಂದಿನ ಸಾಲಿನಲ್ಲಿ ಜಾಗವಿತ್ತು. ಅವಳು ಹೋಗಿ ದೊಡ್ಡಮ್ಮನ ಪಕ್ಕದಲ್ಲಿ ಕೂತಳು.

ದೀಪ ಆರಿತು. ಸಿನಿಮಾ ಶುರುವಾಯಿತು. ಗಾಡಿಗಳು ಇಳಿದವು, ಹಬೆ ಎದ್ದಿತು, ಪಿಟೀಲು ಕುಯ್ಯತೊಡಗಿತು. ಇದ್ಯಾರು ಹೀಗೆ ಗೋಳಾಡುವವರು ಎಂದು ದೊಡ್ಡಮ್ಮ ಪಿಸುಗುಟ್ಟಿದಳು. ಅಷ್ಟರಲ್ಲಿ ಪರದೆಯ ತುಂಬ ಅವಳದೇ ಮುಖ ಬಂತು. ಕೆಳಗೆ ನಿಟ್ಟುಸಿರಿನ ಸಾಲು ಮೂಡಿತು. ಮುಂದೆ ಯಾರೋ ಕರವಸ್ತ್ರ ತೆಗೆದರು.

ಕೊನೆಯ ಸಾಲಿನಲ್ಲಿ ಕಿಸಕ್ಕೆಂದು ಒಂದು ನಗು ಹಾರಿತು. ಬರೆದ ಅಕ್ಷರಗಳನ್ನು ಅಲ್ಲಿ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ದೊಡ್ಡಮ್ಮನ ತುಟಿ ನೋಡುತ್ತಿದ್ದರು. ಆ ತುಟಿ ಬಿಸ್ಕತ್ತಿನ ಕತೆ ಹೇಳುತ್ತಿತ್ತು. ಎರಡನೆಯವಳು ಬಾಯಿಗೆ ಸೆರಗು ತುರುಕಿಕೊಂಡಳು. ಮೂರನೆಯವಳಿಗೆ ಅದೂ ಆಗಲಿಲ್ಲ. ಇಡೀ ಸಾಲು ಕುರ್ಚಿ ಸಮೇತ ಕುಲುಕತೊಡಗಿತು. ಅಳುತ್ತಿದ್ದವರು ತಿರುಗಿ ನೋಡಿದರು. ಇಂಥ ನೋವನ್ನು ಕಂಡು ನಗುವ ಈ ಮನುಷ್ಯತ್ವವಿಲ್ಲದ ಹೆಂಗಸರು ಯಾರು ಎಂದು ಒಬ್ಬಾಕೆ ಸಿಡುಕಿದರು. ಮೇಡಂ ಓಡಿ ಬಂದು ತುಟಿಯ ಮೇಲೆ ಬೆರಳಿಟ್ಟು ಬೇಡಿಕೊಂಡರು.

ದೊಡ್ಡಮ್ಮನೂ ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಅವಳಿಗೆ ಅನುಮಾನ ಬಂತು. ಅವಳಿಗೆ ಓದು ಬಾರದು.

"ಅಲ್ವೇ, ಅವರೆಲ್ಲ ಯಾಕೆ ಅಳ್ತಾರೆ? ಕೆಳಗೆ ಏನೋ ಬರೆದಿದ್ರಲ್ಲ, ಏನದು?"

ಒಕ್ಕಣ್ಣಿ ಕತ್ತಲಲ್ಲಿ, ದೊಡ್ಡಮ್ಮನ ಕಿವಿಯಲ್ಲಿ, ಒಂದಕ್ಷರ ಬಿಡದೆ ಹೇಳಿದಳು. ದೊಡ್ಡಮ್ಮನ ಮುಖದ ನಗು ಇಳಿದುಹೋಯಿತು. ಆಮೇಲೆ ದನಿಯಿಲ್ಲದೆ, ಬರೀ ತುಟಿಯಲ್ಲಿ ಹೇಳಿದಳು: "ನನ್ನ ಅಳಿಸೇಬಿಟ್ಯಲ್ಲೇ."

ಬೈದಿದ್ದರೆ ಒಕ್ಕಣ್ಣಿ ತಡೆದುಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಸಿನಿಮಾ ಮುಗಿಯಿತು. ದೀಪ ಬಂತು, ಚಪ್ಪಾಳೆ ಬಂತು. ಒಕ್ಕಣ್ಣಿಯನ್ನು ವೇದಿಕೆಗೆ ಕರೆದರು. ನಿಟ್ಟುಸಿರು ಮೈಕು ಹಿಡಿದು, ಒಂದು ದೀರ್ಘ ಉಸಿರು ಬಿಟ್ಟು, ಆ ತಾಯಿಯ ಅಮರವಾದ ಮಾತು ಎಂಥ ಯಾತನೆಯಿಂದ ಹುಟ್ಟಿತು ಎಂಬುದನ್ನು ಹೇಳಬೇಕೆಂದು ಕೇಳಿದರು. ಮೈಕು ಅವಳ ಕೈಗೆ ಬಂತು. ಮುಂದಿನ ಸಾಲಿನಲ್ಲಿ ಟ್ರಸ್ಟಿಗಳು ಕತ್ತು ಓರೆ ಮಾಡಿ ಕನಿಕರದಿಂದ ನೋಡುತ್ತಿದ್ದರು. ಮೇಜಿನ ಮೇಲೆ ಹೊಸ ಕ್ಯಾಮೆರಾದ ಚೀಲ ಇತ್ತು, ಅದನ್ನು ಇವಳಿಗೇ ಕೊಡಬೇಕೆಂದು ತಂದಿಟ್ಟಿದ್ದರು.

"ಆ ಮಾತು ನಮ್ಮ ದೊಡ್ಡಮ್ಮಂದಲ್ಲ" ಎಂದಳು ಒಕ್ಕಣ್ಣಿ. "ಅದನ್ನ ಬರೆದದ್ದು ಈ ಸರ್. ಚೆನ್ನಾಗೇ ಇದೆ. ಅವರ ಮುಖದ ಕೆಳಗೆ ಹಾಕ್ಕೊಳ್ಳಲಿ."

ಸಭೆ ತಬ್ಬಿಬ್ಬಾಯಿತು. ಮೇಡಂ ಎದ್ದು, ಹೊರಗೆ ಚಹಾ ಸಿದ್ಧವಾಗಿದೆ ಎಂದರು. ಒಕ್ಕಣ್ಣಿ ಕೆಳಗಿಳಿಯಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ, ಒದ್ದೆ ಹಾಸು ಹಿಂಡುವ ಹಾಗೆ ಬಿಗಿಯಾಗಿ ಹಿಡಿದುಕೊಂಡಳು.

"ನಾನು ಇಳಿಯಲ್ಲ. ಆ ಮುಖ ಇನ್ನೊಂದು ಸಲ ಬರಲಿ. ಪಿಟೀಲು ಬೇಡ, ಬರಹ ಬೇಡ."

ಸಿನಿಮಾ ಓಡಿಸುವ ಗೂಡಿನಲ್ಲಿದ್ದವಳು ಎಡಿಟಿಂಗ್ ಹುಡುಗಿ, ಪಿಟೀಲು, ಬರಹ ಅಂಟಿಸುವ ಮೊದಲಿನ ತುಣುಕು ಅವಳ ಬಳಿಯೇ ಇತ್ತು. ಮೇಡಂ ಅತ್ತ ತಿರುಗಿ ಬೇಡ ಬೇಡವೆಂದು ಕೈಯಾಡಿಸಿದರು. ಅವಳು ಅದನ್ನು ಕಾಣಲಿಲ್ಲವೋ, ಕಂಡೂ ಕಾಣದಂತಿದ್ದಳೋ. ದೀಪ ಆರಿತು. ದೊಡ್ಡಮ್ಮನ ಮುಖ ಮತ್ತೆ ಬಂತು. ಸದ್ದಿಲ್ಲ, ಅಕ್ಷರವಿಲ್ಲ, ತುಟಿ ಮಾತ್ರ.

ಕೊನೆಯ ಸಾಲಿನಲ್ಲಿ ದೊಡ್ಡಮ್ಮ ಎದ್ದು ನಿಂತಳು. ವರ್ಷಾನುಗಟ್ಟಲೆ ಯಂತ್ರದ ಮುಂದೆ ಸೋತು ಗಂಟಲಲ್ಲೇ ಉಳಿದಿದ್ದ ದನಿ ಅದು, ಅದಕ್ಕೆ ಮೈಕು ಬೇಕಾಗಲಿಲ್ಲ. ಪರದೆಯ ಮೇಲಿನ ತನ್ನ ತುಟಿಯನ್ನು ತಾನೇ ಓದಿಕೊಂಡು, ಒಂದೊಂದು ಅಲುಗಾಟಕ್ಕೂ ಸರಿಯಾಗಿ ಮಾತು ಜೋಡಿಸಿದಳು.

"ನೋಡ್ರೇ ಅವನನ್ನ. ಸೂಜಿ ಚುಚ್ಚಿಸ್ಕೊಳ್ಳೋ ನಮ್ಮ ಕೈಗೆ ಗ್ಲೌಸು ಸ್ಟಾಕ್ ಇಲ್ಲ. ಅವನ ಬಿಸ್ಕತ್ತಿಗೆ ಇದೆ. ಅದ್ದಿದ, ಅದ್ದಿದ. ಅಯ್ಯೋ, ಮುಳುಗ್ತು. ಬೆರಳು ಇಳಿಸ್ದ ನೋಡು. ಡಾಕ್ಟ್ರು ಆಪರೇಷನ್ ಮಾಡ್ತಾವ್ರೆ, ಯಾರೂ ಉಸಿರಾಡ್ಬೇಡಿ. ಸಿಕ್ತು. ತಾಯಿ ಮಗು ಇಬ್ಬರೂ ಕ್ಷೇಮ."

ಸಭಾಂಗಣ ಸಿಡಿದು ನಕ್ಕಿತು. ಕರವಸ್ತ್ರದಲ್ಲಿ ಅಳು ಒರೆಸಿಕೊಂಡವರು ಅದೇ ಕರವಸ್ತ್ರದಲ್ಲಿ ನಗು ಒರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವರು ಟ್ರಸ್ಟಿಗಳು. ತೊಡೆ ತಟ್ಟಿ ನಕ್ಕು, ಪಕ್ಕದವರ ಕಡೆ ಬಾಗಿ, ಇದು ಯಾವ ಆಸ್ಪತ್ರೆಯಂತೆ ಎಂದು ಕೇಳಿದರು. ಪಕ್ಕದವರು ಕಿವಿಯಲ್ಲಿ ಹೇಳಿದರು. ಟ್ರಸ್ಟಿಗಳ ನಗು ಅರ್ಧಕ್ಕೇ ಮುರಿದು ಗಂಟಲೊಳಗೆ ಮುಳುಗಿತು.

ಒಕ್ಕಣ್ಣಿ ವೇದಿಕೆಯಿಂದ ಇಳಿದಾಗ ಕ್ಯಾಮೆರಾದ ಚೀಲ ಮೇಜಿನ ಮೇಲಿರಲಿಲ್ಲ. ಯಾರೋ ಆಗಲೇ ಒಳಗೆ ಸಾಗಿಸಿದ್ದರು. ಮೊದಲು ಕೊಟ್ಟಿದ್ದ ಕ್ಯಾಮೆರಾವನ್ನೂ ಮಾರನೆಯ ದಿನ ಸಂಸ್ಥೆಯ ಆಳು ಬಂದು ಒಯ್ದ. ಅದಕ್ಕಾಗಿ ಅವಳು ಅತ್ತಳು, ಅದೇನು ಸುಳ್ಳಲ್ಲ. ದೊಡ್ಡಮ್ಮ ಪಕ್ಕದಲ್ಲಿ ಕೂತು, ಈಗ ಬೇಕಾದರೆ ಒಂದು ಪಿಟೀಲು ತರಿಸಲೇ ಎಂದು ಕೇಳಿದಳು. ಅಳುವಿನ ನಡುವೆಯೇ ನಗು ಬಂತು.

ಅವರು ಕೆಲಸಕ್ಕೆ ಹೋಗುವಷ್ಟರಲ್ಲಿ ಗಡಿಯಾರನಿಗೆ ಸುದ್ದಿ ಮುಟ್ಟಿತ್ತು. ಅವನು ಕೆಂಡದಂತೆ ಬಂದು, ಆಪರೇಷನ್ ಕೋಣೆಯ ರಾಶಿಯನ್ನೆಲ್ಲ ದೊಡ್ಡಮ್ಮ ಒಬ್ಬಳೇ ವಿಂಗಡಿಸಬೇಕೆಂದು ಅಪ್ಪಣೆ ಮಾಡಿದ. ಬರಿಗೈಯಲ್ಲಿ. ದೊಡ್ಡಮ್ಮ ರಾಶಿಯನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅವಳ ತುಟಿ ಒಮ್ಮೆ ಅಲ್ಲಾಡಿತು, ಅಷ್ಟೇ. ಕೋಣೆಯ ಅಷ್ಟೂ ಕೈಗಳು ಬೆನ್ನ ಹಿಂದೆ ಹೋದವು. ಯಂತ್ರಗಳು ಒಂದೊಂದಾಗಿ ನಿಂತವು.

ಆ ಕೋಣೆಯಲ್ಲಿ ಅಂಥ ನಿಶ್ಶಬ್ದವನ್ನು ಯಾರೂ ಕೇಳಿರಲಿಲ್ಲ. ಗಡಿಯಾರ ಕೂಗಾಡಿದ. ಅವನ ದನಿ ಗೋಡೆಗೆ ಬಡಿದು ಅವನಿಗೇ ವಾಪಸು ಬಂತು. ಒಗೆದು ಮಡಿಸಿಟ್ಟಿದ್ದ ಹಾಸುಗಳನ್ನು ಹೆಂಗಸರು ಮೇಲಕ್ಕೆ ಕಳಿಸಿಕೊಟ್ಟರು, ರೋಗಿಗಳ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಹೊಸ ಕೊಳೆಯನ್ನು ಮುಟ್ಟಲಿಲ್ಲ. ಗಾಡಿಗಳು ಬಂದು ಬಂದು ಬಾಗಿಲವರೆಗೂ ಸಾಲುಗಟ್ಟಿದವು. ವಾಸನೆ ಮೆಟ್ಟಿಲು ಹತ್ತಿತು. ಮುಂಬಾಗಿಲ ಲಿಫ್ಟಿನಲ್ಲೂ ಸೇರಿಕೊಂಡು ಎಲ್ಲ ಮಹಡಿಗೂ ಹೋಯಿತು. ಅದನ್ನು ತಡೆಯುವ ಬೋರ್ಡು ಇರಲಿಲ್ಲ.

ಸಂಜೆಯ ಹೊತ್ತಿಗೆ ಗ್ಲೌಸು ಬಂತು. ಒಂದು ಡಬ್ಬಿಯಲ್ಲ, ಒಂದು ಗಾಡಿ. ಬೆನ್ನಿಗೇ ಚಹಾ ಬಂತು.

ಹೆಂಗಸರು ಗ್ಲೌಸು ಏರಿಸಿಕೊಂಡರು. ಕೆಲಸಕ್ಕೆ ಕೈ ಹಾಕಲಿಲ್ಲ. ಬೆಂಚಿನ ಮೇಲೆ ಸಾಲಾಗಿ ಕೂತು, ಒಬ್ಬೊಬ್ಬರೂ ಒಂದೊಂದು ಬಿಸ್ಕತ್ತು ತೆಗೆದುಕೊಂಡು, ಬಹಳ ನಯವಾಗಿ, ಕಿರುಬೆರಳು ಎತ್ತಿ, ಚಹಾಕ್ಕೆ ಅದ್ದಿದರು. ದೊಡ್ಡಮ್ಮನ ಬಿಸ್ಕತ್ತು ಮುರಿದು ಬಿತ್ತು. ಅವಳು ಬೆರಳಿಳಿಸಿ ಹುಡುಕಿದಳು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಗಡಿಯಾರ ತನ್ನ ಮೇಜಿನಲ್ಲಿ ಬರಿಗೈಯಲ್ಲಿ ಬಿಸ್ಕತ್ತು ಹಿಡಿದು ಕೂತಿದ್ದ. ತಿನ್ನಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ.

ಚಹಾ ಮುಗಿದ ಮೇಲೆ ಯಂತ್ರಗಳು ಮತ್ತೆ ಭೋರ್ಗರೆದವು. ಒಕ್ಕಣ್ಣಿ ಹಳೆಯ ಫೋನು ಹೊರತೆಗೆದಳು. ಹಬೆಯ ಆಚೆ ದೊಡ್ಡಮ್ಮನ ತುಟಿ ಅಲ್ಲಾಡಿತು. ಇಡೀ ಕೋಣೆ ನಕ್ಕಿತು. ಗಡಿಯಾರ ಈಗ ಕೈಗಡಿಯಾರ ನೋಡುವುದನ್ನು ಬಿಟ್ಟು ಹೆಂಗಸರ ತುಟಿ ನೋಡುತ್ತಿದ್ದ. ನೋಡಿ ನೋಡಿ ಸಾಕಾಗಿ ಒಕ್ಕಣ್ಣಿಯ ಹತ್ತಿರ ಬಂದು, ಕಿವಿಗೆ ಬಾಯಿ ಹತ್ತಿಸಿ ಕೂಗಿದ.

"ಏನಂತಾಳೆ ಅವಳು?"

ಒಕ್ಕಣ್ಣಿ ಎಡಗಣ್ಣು ಮುಚ್ಚಿ, ಫೋನನ್ನು ಅವನ ಮುಖಕ್ಕೆ ತಿರುಗಿಸಿದಳು.

"ದೇವರ ಸ್ಮರಣೆ ಸರ್."